ದೆವ್ವದ ಕಣ್ಣಿಗೆ ಬಿಯರ್

ಒರೂರೊ ಊರಿನ ಮುಖವಾಡದವರ ಬೀದಿಯಲ್ಲಿ ಸೆವೆರೊ ಮೂವತ್ತೆರಡು ವರ್ಷದಿಂದ ಕಾರ್ನಿವಲ್ ಕುಣಿತದ ದೆವ್ವವೇಷಗಳಿಗೆ ಮುಖವಾಡ ಮಾಡುತ್ತಿದ್ದ. ಕಣ್ಣಿಗೆ ಎರಡು ಬಲ್ಬು, ಒಂದು ಬ್ಯಾಟರಿ, ಒಂದು ಸ್ವಿಚ್ಚು. ಕರೆಂಟಿನ ಬಗ್ಗೆ ಅವನ ತಿಳಿವಳಿಕೆ ಅಲ್ಲಿಗೆ ಮುಗಿಯುತ್ತಿತ್ತು. ಈ ವರ್ಷ ತಮ್ಮನ ಮಗಳು ಡೆಲ್ಮಿರಾ ಹೆಬ್ಬೆರಳಗಲದ ಮೈಕ್ರೊಕಂಟ್ರೋಲರ್ ಬೋರ್ಡು ತಂದಳು. ಲ್ಯಾಪ್‌ಟಾಪಿನಲ್ಲಿ ನಾಲ್ಕು ಸಾಲು ಬರೆದು ಅದಕ್ಕೆ ಕಳಿಸಿದರೆ ಕಣ್ಣು ತಾನಾಗಿ ಮಿಟುಕುತ್ತಿತ್ತು.

"ಬೇಗ ಮಿಟುಕ್ಬೇಕಂದ್ರೆ ಈ ಸಾವಿರಾನ ಇನ್ನೂರು ಮಾಡಿ, ದೊಡ್ಡಪ್ಪ."

ಒಂದೇ ಬೆರಳಲ್ಲಿ ಒತ್ತಿದ. ದೆವ್ವ ಪಟಪಟ ಕಣ್ಣು ಮಿಟುಕಿಸಿತು.

"ನಿಮ್ಮ ದೊಡ್ಡಮ್ಮ ಸಿಟ್ಟಾದ್ರೆ ಥೇಟ್ ಹಿಂಗೇ ಕಣೇ!"

ಆ ಮುಖವಾಡ ಕುಣಿತದ ತಂಡದ ಯಜಮಾನ ರೊಸೆಂಡೊನದು. ಅವನು ಒಪ್ಪಿದರೆ ತಂಡದ ಉಳಿದವರಿಗೂ ಇಂಥದೇ ಕಣ್ಣು, ಡೆಲ್ಮಿರಾಗೆ ಅಂಗಡಿಯಲ್ಲಿ ಸ್ವಂತದ ಮೇಜು. ಹಾಗೆಂದು ಮಾತಾಗಿತ್ತು.

ಶುಕ್ರವಾರ ಚಲ್ಲಾ, ಭೂತಾಯಿಗೂ ಹೊಸ ವಸ್ತುಗಳಿಗೂ ಬಿಯರ್ ಎರೆಯುವ ಪೂಜೆ. ಹೊಸದಕ್ಕೆ ಬಿಯರ್ ಚಿಮುಕಿಸದೆ ಅಂಗಡಿಯಿಂದ ಕಳಿಸುವುದುಂಟೆ?

"ನೆಲಕ್ಕೆ ಮಾತ್ರ ಹಾಕಿ. ಬೋರ್ಡಿಗೆ ಮುಚ್ಚಳ ಇಲ್ಲ, ಒದ್ದೆಯಾದ್ರೆ ಸತ್ತೇ ಹೋಗುತ್ತೆ," ಎಂದು ಹೇಳಿ ಡೆಲ್ಮಿರಾ ಊಟಕ್ಕೆ ಹೋದಳು.

ಸೆವೆರೊ ಭೂತಾಯಿಗೆ ಸುರಿದ. ಆಮೇಲೆ, ಎಲ್ಲ ಮುಖವಾಡಕ್ಕೂ ಹಾಕುವಂತೆ, ಉರಿಯುವ ಕಣ್ಣುಗಳ ಮೇಲಿನ ಹಣೆಗೂ ಒಂದಿಷ್ಟು. ಕಣ್ಣು ಎರಡು ಸಲ ಮಿಟುಕಿ ಆರಿತು. ಬಟ್ಟೆಯಲ್ಲಿ ಒರೆಸಿ, ಗೂಟಕ್ಕೆ ತೂಗುಹಾಕಿ, ಬೇರೆ ಕೆಲಸ ಹಿಡಿದ.

ಮಾರನೆಯ ಬೆಳಿಗ್ಗೆ ರೊಸೆಂಡೊ ಬಂದು ಸ್ವಿಚ್ಚು ಒತ್ತಿದ. ಏನೂ ಇಲ್ಲ.

"ಹುಡುಗಿ ಏನೋ ತಪ್ಪು ಜೋಡಿಸಿರಬೇಕು," ಎಂದ ಸೆವೆರೊ. ಮಾತು ತಾನಾಗಿ ಬಂದಿತ್ತು.

"ಹುಡುಗೀರ ಕೈಗೆ ಕೊಟ್ರೆ ದೆವ್ವಾನೂ ಕಣ್ಣು ಮುಚ್ಕೊಳ್ಳುತ್ತೆ ಬಿಡಿ, ಮೇಷ್ಟ್ರೇ!"

ಅಲ್ಲೇ ಇದ್ದ ಡೆಲ್ಮಿರಾ ಮುಖವಾಡ ಮಗುಚಿ ಬೋರ್ಡು ಮುಟ್ಟಿದಳು. ಅಂಟು. ಬೆರಳು ಮೂಸಿದಳು. ದೊಡ್ಡಪ್ಪನನ್ನು ಒಮ್ಮೆ ನೋಡಿದಳು.

"ಹೌದು, ತಪ್ಪು ಜೋಡಿಸಿದ್ದೆ," ಎಂದಳು.

"ಇನ್ನು ನನ್ನ ಮುಖ ಇವಳ ಕೈಗೆ ಕೊಡ್ಬೇಡಿ. ಹಳೇ ಬಲ್ಬೇ ಸಾಕು."

"ಆಯ್ತು," ಎಂದ ಸೆವೆರೊ.

ರೊಸೆಂಡೊ ಹೊರಗೆ ಹೋದ. ಡೆಲ್ಮಿರಾ ತಂತಿಗಳನ್ನು ಸುತ್ತತೊಡಗಿದಳು.

"ಬಿಯರ್ ಹಾಕಿದ್ದು ನಾನು ಕಣೇ."

"ಗೊತ್ತಾಯ್ತು."

"ಅವನಿಗೆ ಹೇಳ್ತೀನಿ."

"ಇಲ್ಲೇ ಬೀದೀಲಿದಾನೆ, ದೊಡ್ಡಪ್ಪ."

ಸೆವೆರೊ ಬಾಗಿಲಿಗೆ ಹೋಗಿ ಕೂಗಿದ. ರೊಸೆಂಡೊ ತಿರುಗಿದ. ಪಕ್ಕದ ಅಂಗಡಿಯವರೂ ತಲೆಯೆತ್ತಿದರು.

"ಏನ್ ಮೇಷ್ಟ್ರೇ?"

ಸೆವೆರೊ ಪಕ್ಕದ ಅಂಗಡಿಯವರತ್ತ ಕಣ್ಣು ಹಾಯಿಸಿದ.

"ಬಲ್ಬು... ಕೆಂಪೋ ಹಸಿರೋ?"

ಹಿಂದೆ ಲ್ಯಾಪ್‌ಟಾಪ್ ಮುಚ್ಚಿದ ಸದ್ದು ಕೇಳಿತು. ಅವನು ತಿರುಗಲಿಲ್ಲ.