ಅಂಗಿಯ ಘಾಟು

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕೆಮ್ಮದವರು, ಸೀನದವರು ಯಾರೂ ಇಲ್ಲ. ಆದರೆ ಕೊರೊನಾ ಬಂದಮೇಲೆ ಅಲ್ಲಿ ಕಾವಲಿಗೆ ನಿಲ್ಲುವ ಹೆಡ್ ಕಾನ್ಸ್‌ಟೇಬಲ್ ಮಾಲತೇಶಪ್ಪನಿಗೆ ಯಾರು ಕೆಮ್ಮಿದರೂ ಎದೆ ಝಲ್ಲೆನ್ನುತ್ತಿತ್ತು. ಹೋದ ವಾರದವರೆಗೂ ಪಕ್ಕದಲ್ಲೇ ನಿಂತು ಜನರನ್ನು ಚದುರಿಸುತ್ತಿದ್ದ ಕಾನ್ಸ್‌ಟೇಬಲ್ ಮನೋಹರ ಈಗ ಹಾವೇರಿಯ ದವಾಖಾನೆಯಲ್ಲಿ ಆಕ್ಸಿಜನ್ ಮೇಲಿದ್ದ. ಅವನಿಗೆ ಮೊದಲು ಗೊತ್ತಾಗದೆ ಹೋಗಿದ್ದು ವಾಸನೆ.

ಅದಕ್ಕೇ ಮಾಲತೇಶಪ್ಪ ಗಳಿಗೆಗೊಮ್ಮೆ ಮಾಸ್ಕ್ ಸರಿಸಿ, ಮೆಣಸಿನಕಾಯಿ ಮುರಿದು ಮೂಸುತ್ತಿದ್ದ. ಸೀನು ಬಂದರೆ ಹೋದ ಜೀವ ಬಂದಂತಾಗುತ್ತಿತ್ತು. ಇವತ್ತೂ ಕಣ್ಣಲ್ಲಿ ನೀರು ಬರುವಷ್ಟು ಸೀನಿ, ನಿರುಮ್ಮಳವಾಗಿ ಮನೆಗೆ ಬಂದ.

ಹಿತ್ತಲಲ್ಲಿ ಖಾಕಿ ಅಂಗಿ ಕಳಚಿಟ್ಟು, ದೂರ ನಿಂತು ಮೈಮೇಲೆ ನೀರು ಸುರಿದುಕೊಂಡ. ಆ ಅಂಗಿಯ ಹತ್ತಿರ ಬಂದರೆ ಸಾಕು, ಹೆಂಡತಿ ನಾಗರತ್ನಾ ಮೂಗಿಗೆ ಸೆರಗು ಒತ್ತಿಕೊಂಡು, ಸೀನಿ ಸೀನಿ ಅವನ ಇಲಾಖೆಯನ್ನೇ ಬೈಯುತ್ತಿದ್ದಳು. ಇವತ್ತು ಸುಮ್ಮನೆ ಎತ್ತಿಕೊಂಡಳು. ಮುಸ್ಸಂಜೆಯ ಮಬ್ಬಿನಲ್ಲಿ ಅಂಗಿಯನ್ನು ಮೂಗಿನ ಹತ್ತಿರ ಹಿಡಿದಳು. ಮತ್ತೊಮ್ಮೆ ಹಿಡಿದಳು.

"ಇವತ್ತ ಮಾರ್ಕೆಟ್ಟಿನ್ಯಾಗ ಡ್ಯೂಟಿ ಇರಲಿಲ್ಲೇನ್ರಿ?" ಎಂದಳು. "ಅಂಗಿ ಒಂಚೂರೂ ಘಾಟ ಹೊಡಿಯವಲ್ದು."

ಎರಡು ಮಾರು ಆಚೆ ನಿಂತಿದ್ದ ಮಾಲತೇಶಪ್ಪನಿಗೆ ಅದೇ ಅಂಗಿಯ ಘಾಟಿಗೆ ಸೀನು ಬಂತು.