ಇಸಕ್ಕಿ ಓದಿ ಮುಗಿಸುವ ತನಕ

"ಹದಿನೈದು ವರ್ಷದ ಎಮ್ಮೆ! ಒಂದು ಸಾಲು ನೆಟ್ಟಗೆ ಓದೋಕೆ ಬರಲ್ಲ. ತಲೇಲಿ ಮೆದುಳಿದೆಯೋ, ಸಗಣಿ ಇದೆಯೋ?"

ಹೆಡ್‌ಮಾಸ್ಟರ್ ತಂಗದುರೈ ಬೈಯುತ್ತಿದ್ದರೆ ಇಸಕ್ಕಿ ಕಾಲ್ಬೆರಳು ನೋಡುತ್ತ ನಿಂತಿದ್ದಳು. ಮೂರು ವರ್ಷದಿಂದ ಅವಳ ಜಾಗ ಕ್ಲಾಸಿನ ಹೊರಗೆ, ಚಪ್ಪಲಿಗಳ ಪಕ್ಕ. ಒಳಗೆ ನಲವತ್ತು ದನಿ ಒಟ್ಟಿಗೆ ಓದುವಾಗ, ಊರವರೆಲ್ಲ ಬಸ್ಸು ಹತ್ತಿ ಹೋಗಿ ತಾನೊಬ್ಬಳೇ ಉಳಿದಂತಾಗುತ್ತಿತ್ತು.

ಅಮ್ಮ ಪೇಚ್ಚಿ ತೂತ್ತುಕುಡಿಯ ಉಪ್ಪಿನಾಗರದಿಂದ ನೇರ ಬಂದಿದ್ದಳು. ಮೊಣಕಾಲಿನವರೆಗೂ ಉಪ್ಪು ಬೆಳ್ಳಗೆ ಮೆತ್ತಿಕೊಂಡಿತ್ತು. ಕುರ್ಚಿ ಖಾಲಿಯಿದ್ದರೂ ಕೂತುಕೋ ಎಂದವರಿಲ್ಲ.

"ಇಲ್ಲಿ ಹೆಬ್ಬೆಟ್ಟು ಒತ್ತು. ರಜಾ ಚೀಟಿ, ಅಷ್ಟೆ. ಹತ್ತನೇ ಕ್ಲಾಸಿನ ರಿಸಲ್ಟು ನಂಗೆ ನೂರಕ್ಕೆ ನೂರು ಬರಬೇಕು. ಇವಳು ಮನೇಲಿರ್ಲಿ."

"ಇಂಥ ಮಕ್ಕಳಿಗೆ ಪರೀಕ್ಷೇಲಿ ಜಾಸ್ತಿ ಹೊತ್ತು ಕೊಡ್ತಾರಂತಲ್ಲ ಅಯ್ಯಾ? ಎಸ್ತರ್ ಟೀಚರಮ್ಮ ಹೇಳಿದ್ರು."

"ಅವಳನ್ನ ವರ್ಗ ಮಾಡ್ಸಿದ್ದೇ ನಾನು. ಉಪ್ಪು ಹೊರೋಕೆ ಅಕ್ಷರ ಯಾಕೆ? ಒತ್ತೇ, ಮುಂಡೆ!"

ಎಸ್ತರ್ ಹೆಸರು ಕೇಳಿ ಇಸಕ್ಕಿ ತಲೆ ಎತ್ತಿದಳು. ತಟ್ಟೆಯಲ್ಲಿ ಉಪ್ಪು ಹರವಿ, ಅವಳ ಬೆರಳು ಹಿಡಿದು ತಿದ್ದಿಸಿದವರು ಅವರು. "ನಿಂಗೆ ಬುದ್ಧಿ ಕಮ್ಮಿ ಇಲ್ಲ ಕಣೇ. ಅಕ್ಷರಕ್ಕೂ ಸದ್ದಿಗೂ ನಿನ್ನ ತಲೇಲಿ ಬೇಗ ಗಂಟು ಬೀಳಲ್ಲ, ಅಷ್ಟೆ. ಬೆರಳಲ್ಲಿ ತಿದ್ದು, ಬಾಯಲ್ಲಿ ಹೇಳು. ನಿಧಾನ ಆಗತ್ತೆ, ಆಗ್ಲಿ." ಹಾಗೆ ಹೇಳಿದವರು ಲೋಕದಲ್ಲಿ ಅವರೊಬ್ಬರೇ. ಅವರು ಹೋದ ಮೇಲೆ ಶಾಲೆಯಲ್ಲಿ ಅವಳೊಡನೆ ಮಾತಾಡುವವರೂ ಇರಲಿಲ್ಲ.

ಪೇಚ್ಚಿಯ ಹೆಬ್ಬೆರಳು ಶಾಯಿಗೆ ಇಳಿಯಿತು. ಇಸಕ್ಕಿ ಆ ಕೈ ಹಿಡಿದಳು.

"ತಾಳಮ್ಮಾ. ನಾನು ಓದ್ತೀನಿ."

"ಓದು ಪಂಡಿತೆ, ಓದು!" ತಂಗದುರೈ ಹೊಟ್ಟೆ ಹಿಡಿದು ನಕ್ಕ.

ಅವಳು ಚೀಟಿ ನೋಡಿ ಮೇಜಿನ ಮೇಲೆ ಬೆರಳಲ್ಲಿ ಒಂದೊಂದೇ ಅಕ್ಷರ ತಿದ್ದಿದಳು, ತುಟಿಯಲ್ಲಿ ಸದ್ದು ಕೂಡಿಸಿದಳು. ತಪ್ಪಿತು. ಮತ್ತೆ ತಿದ್ದಿದಳು. ಕುತ್ತಿಗೆಯಿಂದ ಬೆವರು ಇಳಿಯಿತು. ಊಟದ ಗಂಟೆ ಹೊಡೆದರೂ ಇನ್ನೂ ಮೊದಲ ಸಾಲೇ.

"ನನ್ನ... ಮಗಳನ್ನು... ಶಾಲೆ... ಬಿಡಿ... ಬಿಡಿಸುತ್ತಿದ್ದೇನೆ."

ನಗು ನಿಂತಿತು. ತಂಗದುರೈ ಕಾಗದಕ್ಕೆ ಕೈ ಹಾಕಿದ. ಅಷ್ಟರಲ್ಲಿ ಪೇಚ್ಚಿ ಅದರ ಅಂಚಿನ ಮೇಲೆ ಮೊಣಕೈ ಊರಿ ಆಗಿತ್ತು. ಹೆಬ್ಬೆರಳ ಶಾಯಿಯನ್ನು ಸೀರೆಗೆ ಒರೆಸಿಕೊಂಡಳು. ಖಾಲಿ ಕುರ್ಚಿ ಎಳೆದು ಕೂತಳು.

"ಜವಾನನ್ನ ಕರೀತೀನಿ ನೋಡು!"

"ಕರೀರಿ, ಅವನೂ ಕೇಳ್ಲಿ. ಇನ್ನೂ ನಾಲ್ಕು ಸಾಲಿದೆ. ಓದೇ ಮಗಳೇ, ಎಷ್ಟು ಹೊತ್ತಾದ್ರೂ ಆಗ್ಲಿ."

ಇಸಕ್ಕಿ ಎರಡನೆಯ ಸಾಲಿನ ಮೊದಲ ಅಕ್ಷರಕ್ಕೆ ಬೆರಳಿಟ್ಟಳು.