ಪೂರಾ ಹನ್ನೊಂದು

ಡೆಂಗಿ ಜ್ವರ ಬಿಟ್ಟು ಮೂರು ವಾರವಾದ ಮೇಲೆ ರಾಧಿಕಾ ಕೆಲಸಕ್ಕೆ ಮರಳಿದಳು. ಬೀದರಿನ ಖಾಸಗಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ಅವಳ ಕೆಲಸ. ಲ್ಯಾಬು ಮೊದಲ ಮಹಡಿಯಲ್ಲಿತ್ತು. ಒಂಬತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಹತ್ತಿ ಇಳಿದ ಮೆಟ್ಟಿಲು, ಅಂದು ಅರ್ಧ ಹತ್ತುವಷ್ಟರಲ್ಲಿ ಕಾಲು ನಡುಗಿ ಅಲ್ಲೇ ಕೂತುಬಿಟ್ಟಳು. ಕೆಳಗೆ ಚೀಟಿ ಬರೆಯುವ ಆಯೆಶಾ ಅದನ್ನು ನೋಡಿ ಎದ್ದು ಬಂದು ಪಕ್ಕದಲ್ಲೇ ಕೂತಳು.

"ಏಳಬ್ಯಾಡ, ಕೂಡು. ಮೂವತ್ನಾಲ್ಕಕ್ಕೇ ಹಿಂಗಾದ್ರ ಮುಂದ ಹ್ಯಾಂಗ? ನಾಳಿಂದ ನಮ್ಮ ಗ್ರೂಪಿಗೆ ಬಾ."

ಗ್ರೂಪು ಅಂದರೆ ಹತ್ತು ಜನ ಹೆಂಗಸರ ವಾಟ್ಸ್ಯಾಪ್ ಗ್ರೂಪು. ಅವರವರ ಊರಲ್ಲಿ, ಅವರವರ ಮನೆಯಲ್ಲಿ ಬೆಳಿಗ್ಗೆ ಒಂದಿಷ್ಟು ಓಡಿ, ಪುಶಪ್ಪು ಬೈಠಕ್ಕು ಮಾಡಿ, ಆದಷ್ಟನ್ನು ಅಲ್ಲಿ ಹಾಕಬೇಕು. ರಾಧಿಕಾ ಒಂದು ಗೆರೆ ನೋಟ್‌ಬುಕ್ ಕೊಂಡಳು.

ಅವಳ ಮನೆ ಇದ್ದದ್ದು ಭಾಲ್ಕಿಯಲ್ಲಿ. ಗಂಡ ದಿಲೀಪ ಬೀದರಿನ ಹತ್ತಿರದ ಕೊಳಾರದ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು, ಹೆಚ್ಚಾಗಿ ಬೆಳಿಗ್ಗೆ ಮನೆಯಲ್ಲಿರುತ್ತಿರಲಿಲ್ಲ. ಇರುತ್ತಿದ್ದವರು ಮಾವ ಹಣಮಂತಪ್ಪ. ಔರಾದ ತಾಲ್ಲೂಕಿನ ಸಾಲಿಗಳಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರರಾಗಿದ್ದವರು. ಈಗ ಮೊಣಕಾಲು ಕೈಕೊಟ್ಟು, ನಸುಕಿನಲ್ಲೇ ಎದ್ದು ಪಡಸಾಲೆಯ ಕುರ್ಚಿಯಲ್ಲಿ ಕೂರುತ್ತಿದ್ದರು. ರಾಧಿಕಾ ಅವರ ಮುಂದೆ ತಲೆಯ ಮೇಲಿನ ಸೆರಗು ಜಾರಗೊಡುತ್ತಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾದರೂ ಇಬ್ಬರ ನಡುವೆ ನಡೆದ ಮಾತು ಚಹಾ, ಊಟ, ಗುಳಿಗೆ, ಇಷ್ಟೇ.

ಮೊದಲ ದಿನ ಪಡಸಾಲೆಯ ಬಾಗಿಲು ಹಾಕಿಕೊಂಡು, ನಡುಮನೆಯ ಫರಶಿಕಲ್ಲಿನ ನೆಲದ ಮೇಲೆ ಮೊಣಕಾಲೂರಿ ಪುಶಪ್ ಮಾಡಿದಳು. ಸಣ್ಣ ದನಿಯಲ್ಲಿ ಎಣಿಸಿಕೊಂಡಳು. ಮೂರಕ್ಕೆ ತೋಳು ಸೋತು ಮುಖ ಅಡಿಯಾಗಿ ಬಿದ್ದಳು. ಬಾಗಿಲಾಚೆಯಿಂದ ಕೆಮ್ಮು ಕೇಳಿಸಿತು, ಆಮೇಲೆ ಮಾತು.

"ಕೆಳಗ ಹೋಗೂ ಮುಂದ ಉಸಿರು ತಗೋಬೇಕವ್ವಾ. ಮ್ಯಾಲ ಬರೂ ಮುಂದ ಬಿಡಬೇಕು."

ರಾಧಿಕಾಳಿಗೆ ನಾಚಿಕೆಯಿಂದ ಎದ್ದೇಳಲಾಗಲಿಲ್ಲ. ಬಿದ್ದಲ್ಲಿಂದಲೇ "ಹೂಂ ರಿ" ಅಂದಳು. ಮರುದಿನ ಅವರು ಹೇಳಿದಂತೆ ಮಾಡಿ ನೋಡಿದಳು. ನಾಲ್ಕಾದವು.

ಓಟಕ್ಕೆ ಮನೆಯಿಂದ ರೈಲ್ವೆ ಗೇಟು ದಾಟಿ ಆಚೆಯ ಕಟ್ಟೆಯವರೆಗೆ ಹೋಗಿ ಬರುತ್ತಿದ್ದಳು. ಮೊದಮೊದಲು ಅರ್ಧ ಓಡಿ ಅರ್ಧ ನಡೆದು ಹತ್ತೊಂಬತ್ತು ನಿಮಿಷ ಹಿಡಿಯಿತು. ಅವಳು ಹೊರಟಾಗ ಮಾವ ಗಡಿಯಾರ ನೋಡುತ್ತಿದ್ದರು, ಬಂದಾಗ ನಿಮಿಷ ಹೇಳುತ್ತಿದ್ದರು. ಬೇರೆ ಮಾತಿರಲಿಲ್ಲ. ಡಿಸೆಂಬರಿನ ಚಳಿ ಹಿಡಿಯುವ ಹೊತ್ತಿಗೆ ಅದೇ ದಾರಿ ನಡೆಯದೇ ಓಡಿ ಹದಿನಾಲ್ಕು ನಿಮಿಷಕ್ಕೆ ಬಂದಿತ್ತು. ಮೊಣಕಾಲೂರದೆ ಹನ್ನೊಂದು ಪುಶಪ್ ಮಾಡುತ್ತಿದ್ದಳು. ಆಸ್ಪತ್ರೆಯ ಮೆಟ್ಟಿಲು ನೆನಪಿಗೂ ಬರುತ್ತಿರಲಿಲ್ಲ.

ಹನ್ನೊಂದಕ್ಕೆ ಲೆಕ್ಕ ನಿಂತುಬಿಟ್ಟಿತು. ಒಂದು ವಾರ, ಎರಡು ವಾರ, ಅದೇ ಹನ್ನೊಂದು. ಗ್ರೂಪಿನಲ್ಲಿ ಯಾರೋ ಹದಿನೆಂಟು ಅಂದರು, ಇನ್ಯಾರೋ ಇಪ್ಪತ್ತು. ಒಂದು ದಿನ ರಾಧಿಕಾ ಹನ್ನೊಂದರ ಮೇಲೆ ನಾಲ್ಕು ಸಲ ತೋಳನ್ನು ತುಸುವೇ ಮಡಚಿ ಎದ್ದು, ಹದಿನೈದು ಎಂದು ಎಣಿಸಿದಳು. ನೋಟ್‌ಬುಕ್ಕಿನಲ್ಲೂ ಹದಿನೈದು ಬರೆದಳು. ಗ್ರೂಪಿನಲ್ಲಿ ಚಪ್ಪಾಳೆಗಳು ಬಿದ್ದವು. "ಶಾಬಾಸ್! ಜ್ವರ ಬಂದು ಎದ್ದಾಕಿ ನೋಡ್ರಿ" ಎಂದು ಆಯೆಶಾ ಹಾಕಿದಳು. ಮುಂದಿನ ವಾರ ಹದಿನೆಂಟಾಯಿತು, ಆಮೇಲೆ ಇಪ್ಪತ್ತೆರಡು. ಆದರೆ ನೋಟ್‌ಬುಕ್ ತೆರೆಯುವಾಗ ಮೊದಲಿದ್ದ ಖುಷಿ ಇರಲಿಲ್ಲ. ಬೇಗ ಬರೆದು ಬೇಗ ಮುಚ್ಚುತ್ತಿದ್ದಳು.

ಜನವರಿಯ ಒಂದು ಭಾನುವಾರ ಕರೆಂಟ್ ಬಿಲ್ಲು ಬೇಕಾಯಿತು. ಮಾವ ಕ್ಷೌರಕ್ಕೆ ಹೋಗಿದ್ದರು. ಅವರ ಕಪಾಟಿನ ಕಾಗದಗಳ ನಡುವೆ ಹಾಜರಿ ಪುಸ್ತಕದಂಥ ಉದ್ದನೆಯ ವಹಿಯೊಂದು ಸಿಕ್ಕಿತು. ತೆರೆದರೆ ಮೊದಲ ಪುಟದಲ್ಲೇ ದುಂಡನೆಯ ಮಾಸ್ತರಿಕೆಯ ಅಕ್ಷರದಲ್ಲಿ ಅವಳ ಹೆಸರು. ಕೆಳಗೆ ಸೆಪ್ಟೆಂಬರಿನಿಂದ ಒಂದೊಂದೇ ತಾರೀಕು.

"ದಂಡ 3. ಉಸಿರು ತಪ್ಪು."

"ದಂಡ 7. ಓಟ 17 ನಿಮಿಷ. ಗೇಟು ಹಾಕಿತ್ತು, 2 ಕಳೆಯಬೇಕು."

"ಮೈ ಬೆಚ್ಚಗಿದ್ದಂತಿತ್ತು. ಮಾಡಲಿಲ್ಲ. ಛಲೋ ಆಯಿತು."

ಅವಳು ಮರೆತೇಬಿಟ್ಟಿದ್ದ ದಿನಗಳೂ ಅಲ್ಲಿದ್ದವು. ಡಿಸೆಂಬರಿನ ಪುಟಕ್ಕೆ ಬಂದಾಗ ಒಂದೊಂದು ಸಾಲನ್ನೂ ಎರಡೆರಡು ಸಲ ಓದಿದಳು. "ಎಣಿಸಿದ್ದು 15, ಪೂರಾ 11." "ಎಣಿಸಿದ್ದು 18, ಪೂರಾ 11." ಕೊನೆಗೆ ನಿನ್ನೆಯದು: "ಎಣಿಸಿದ್ದು 22, ಪೂರಾ 9. ಮನಸ್ಸಿಲ್ಲ."

ಹಣಮಂತಪ್ಪ ಮರಳಿ ಬಂದಾಗ ರಾಧಿಕಾ ವಹಿ ಹಿಡಿದುಕೊಂಡೇ ಪಡಸಾಲೆಯಲ್ಲಿ ನಿಂತಿದ್ದಳು.

"ಬಾಗಿಲ ಹಾಕಿತ್ತಲ್ರೀ ಮಾವ್ರೀ. ನಿಮಗ ಹ್ಯಾಂಗ ತಿಳೀತು?"

ಅವರು ಕೂತುಕೊಂಡು ಮೊಣಕಾಲು ನೀವಿಕೊಂಡರು. ನೆಲ ನೋಡುತ್ತಲೇ ಹೇಳಿದರು.

"ನೀ ಪೂರಾ ಕೆಳಗ ಹೋದ್ರ ತಾಳಿ ಗುಂಡು ಫರಶಿಗಿ ತಾಕ್ತಾವು. ಟಣ್ ಅಂತದ. ಅರ್ಧಾ ಹೋದ್ರ ಸಪ್ಪಳ ಇಲ್ಲ."

ರಾಧಿಕಾಳ ಕೈ ತಾನಾಗಿ ಕೊರಳಿಗೆ ಹೋಯಿತು.

"ಮತ್ತ ಯಾಕ ಹೇಳ್ಲಿಲ್ರಿ?"

"ತಾಳಿ ಸಪ್ಪಳ ಕೇಳ್ಕೋತ ಕೂಡ್ತೇನಿ ಅಂತ ಸೊಸಿ ಮುಂದ ಹ್ಯಾಂಗ ಹೇಳ್ಲಿ? ಮತ್ತ..." ಅವರು ತಡೆದರು. "ಔರಾದದಾಗ ಒಬ್ಬಾಕಿ ಹುಡುಗಿ ಇದ್ಳು. ಛಲೋ ಓಡ್ತಿದ್ಳು. ಆಕಿಗಿ ಹುರುಪು ಬರ್ಲಿ ಅಂತ ನಾ ಟೈಮು ಕಮ್ಮಿ ಮಾಡಿ ಬರೀತಿದ್ದೆ. ಜಿಲ್ಲಾ ಪಂದ್ಯಕ್ಕ ಬಂದು ಓಡಿದಾಗ ಆರನೇದಾಕಿ ಆದ್ಳು. ತನ್ನ ಕಾಲೇ ಕೆಟ್ಟಾವು ಅಂತ ಅತ್ತು ಓಡೂದೇ ಬಿಟ್ಟುಬಿಟ್ಳು. ಕಾಲು ಕೆಟ್ಟಿದ್ದಿಲ್ಲ, ನಾ ಬರದದ್ದು ಕೆಟ್ಟಿತ್ತು. ಅವತ್ತಿನಿಂದ ಕೇಳಿದಷ್ಟೇ ಬರೀತೇನಿ."

ರಾಧಿಕಾ ಒಳಗೆ ಹೋಗಿ ಅತ್ತಳು. ಸಿಕ್ಕಿಬಿದ್ದೆನೆಂಬ ಅವಮಾನ ಮೊದಲು ಬಂತು. ಆದರೆ ಅತ್ತು ಮುಗಿದ ಮೇಲೆ ಮನಸ್ಸಿನಲ್ಲಿ ಉಳಿದದ್ದು ಬೇರೆ. ನೂರಕ್ಕೂ ಹೆಚ್ಚು ದಿನ ಒಬ್ಬರು ನಸುಕಿನಲ್ಲಿ ಕೂತು ಅವಳ ಉಸಿರಿಗೆ ಕಿವಿ ಕೊಟ್ಟಿದ್ದರು. ಮೂರರಿಂದ ಹನ್ನೊಂದಕ್ಕೆ ಬಂದದ್ದು ಸುಳ್ಳಲ್ಲ, ಅದಕ್ಕೆ ಇನ್ನೊಬ್ಬರ ಕೈಬರಹದ ಸಾಕ್ಷಿ ಇತ್ತು.

ಮರುದಿನ ಆಸ್ಪತ್ರೆಯಲ್ಲಿ ಆಯೆಶಾಳಿಗೆ ಎಲ್ಲ ಹೇಳಿದಳು. ಆಯೆಶಾ ನಗುತ್ತಾಳೆಂದುಕೊಂಡಿದ್ದಳು. ಆಯೆಶಾ ನಗಲಿಲ್ಲ.

"ನಿನ್ನ ಇಪ್ಪತ್ತೆರಡು ನೋಡಿ ನಾ ಹಟಾ ಹಿಡದು ಮಾಡಿ ಭುಜ ನೋಯಿಸ್ಕೊಂಡೀನಿ. ಎರಡು ವಾರ ಆತು, ತಲಿ ಬಾಚ್ಕೊಳ್ಳಾಕ ಬರವಲ್ದು. ಇದು ಝೂಟ್ ಇತ್ತಾ?"

ರಾಧಿಕಾ ಹೌದೆಂದು ತಲೆಯಾಡಿಸಿದಳು. ಅಂದೇ ಗ್ರೂಪಿನಲ್ಲಿ "ನನ್ನವು ಹನ್ನೊಂದೇ. ಮೇಲಿನವೆಲ್ಲ ಸುಳ್ಳು. ತಪ್ಪಾಯಿತು" ಎಂದು ಬರೆದಳು. ಇಡೀ ದಿನ ಯಾರೂ ಉತ್ತರಿಸಲಿಲ್ಲ. ಆಯೆಶಾ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ ಊಟದ ಹೊತ್ತಿಗೆ ಬಾಚಣಿಕೆ ಹಿಡಿದುಕೊಂಡು ಲ್ಯಾಬಿಗೆ ಬಂದು, ಬೆನ್ನು ತಿರುಗಿಸಿ ಕೂತಳು.

"ನಿನ್ನಿಂದ ಆದದ್ದು. ನೀನೇ ಹೆಣಿ."

ಭುಜ ವಾಸಿಯಾಗುವವರೆಗೆ ದಿನಾ ಆಯೆಶಾಳ ಜಡೆ ಹೆಣೆಯುವುದು ರಾಧಿಕಾಳ ಕೆಲಸವಾಯಿತು. ಮನೆಯಲ್ಲಿ ನಡುಮನೆಯ ಬಾಗಿಲು ತುಸು ತೆರೆದೇ ಇರತೊಡಗಿತು. "ಹನ್ನೊಂದು ಒಮ್ಮೆಗೇ ಬ್ಯಾಡ. ಏಳೇಳು ಮಾಡು, ಮೂರು ಸಲ" ಎಂದು ಮಾವ ಆಚೆಯಿಂದಲೇ ಹೇಳಿಕೊಟ್ಟರು. ಫೆಬ್ರುವರಿಯಲ್ಲಿ ಪೂರಾ ಹದಿನಾಲ್ಕಾದವು.

ಆ ತಿಂಗಳ ಕೊನೆಗೆ ಬೀದರಿನಲ್ಲಿ ಹೆಂಗಸರಿಗಾಗಿ ಐದು ಕಿಲೋಮೀಟರ್ ಓಟವಿತ್ತು. ಹಣಮಂತಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೊದಲ ಬಸ್ಸಿಗೆ ಅವಳ ಜೊತೆ ಬಂದರು. ಮುಗಿಯುವ ಗೆರೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಬಹುಮಾನ ಯಾವುದೋ ಕಾಲೇಜಿನ ಹುಡುಗಿಯರಿಗೆ ಹೋಯಿತು. ರಾಧಿಕಾ ಎಷ್ಟನೆಯವಳೋ ಯಾರೂ ಎಣಿಸಲಿಲ್ಲ. ಆಯೆಶಾ ಅವಳ ಹಿಂದೆಯೇ ಬಂದಳು. "ಮೂವತ್ತಾರು ನಿಮಿಷ, ನಲವತ್ತು ಸೆಕೆಂಡ್" ಎಂದು ಮಾವ ಎದ್ದು ನಿಂತು, ಸುತ್ತ ನಿಂತವರೆಲ್ಲ ತಿರುಗಿ ನೋಡುವಂತೆ ಕೂಗಿದರು.

ಭಾಲ್ಕಿಗೆ ಮರಳುವ ಬಸ್ಸಿನಲ್ಲಿ ರಾಧಿಕಾ ಅವರ ಪಕ್ಕದಲ್ಲೇ ಕೂತಳು. ಬಸ್ಸು ಊರು ದಾಟಿದ ಮೇಲೆ, ಎಷ್ಟೋ ಹೊತ್ತಿನಿಂದ ಕೂಡಿಸಿಟ್ಟುಕೊಂಡಿದ್ದನ್ನು ಹೇಳಿದಳು.

"ನೀವು ಇಲ್ದಿದ್ರ ನಾ ಬಿಟ್ಟುಬಿಡ್ತಿದ್ದೆ ರಿ ಮಾವ್ರೀ. ನಿಮ್ಮಿಂದ ಭಾಳ ಉಪಕಾರಾತು."

ಹಣಮಂತಪ್ಪ ಕಿಟಕಿಯಾಚೆ ತೊಗರಿ ಕೊಯ್ದ ಹೊಲಗಳನ್ನು ನೋಡುತ್ತಿದ್ದರು.

"ರಿಟೈರ್ ಆಗಿ ಹನ್ನೆರಡು ವರ್ಷ ಆತವ್ವಾ. ಮುಂಜಾನಿ ಎದ್ದು ಏನ್ ಮಾಡಬೇಕಂತ ತಿಳೀತಿದ್ದಿಲ್ಲ" ಅಂದರು. ಆಮೇಲೆ ಜೇಬಿನಿಂದ ಶೇಂಗಾ ಪೊಟ್ಟಣ ತೆಗೆದು ಇಬ್ಬರ ನಡುವೆ ಬಿಚ್ಚಿಟ್ಟರು.